ಕೊನೆಯ ಸುತ್ತಿನ ಐದನೆಯ ಪ್ರಶ್ನೆ

ನನ್ನ ತಮ್ಮ ಮುರುಗಪ್ಪ ಇಲ್ಲವಾದನೆಂದು ನಮಗೆ ತಿಳಿದದ್ದು ಜೂನ್ ತಿಂಗಳ ಮೊದಲ ಗುರುವಾರ, ಬೆಳಗಿನ ಹತ್ತು ಗಂಟೆಗೆ. ನಾನು ಚಿತ್ರದುರ್ಗದ ಮನೆಯಲ್ಲಿ ಲಿಂಗಪೂಜೆ ಮುಗಿಸಿ ತಿಂಡಿಗೆ ಕುಳಿತಿದ್ದೆ. ಹೊಸದುರ್ಗದ ಕಡೆಯ ಒಂದು ಪೊಲೀಸ್ ಠಾಣೆಯಿಂದ ಫೋನು ಬಂತು. ಮಾರಿಕಣಿವೆಯ ಹಿನ್ನೀರಿನಲ್ಲಿ ಬಟ್ಟೆಯ ಚೀಲವೊಂದು ತೇಲಿ ಬಂದಿದೆ, ಅದರೊಳಗಿನ ಪುಸ್ತಕದ ಮೇಲೆ ನಿಮ್ಮ ಹೆಸರೂ ನಂಬರೂ ಇವೆ, ಬಂದು ನೋಡಬೇಕು ಎಂದರು. ತಟ್ಟೆಯನ್ನು ಹಾಗೆಯೇ ಸರಿಸಿ ಎದ್ದೆ.

ಮುರುಗಪ್ಪ ಸೋಮವಾರ ಬೆಳಿಗ್ಗೆ ತಾಳ್ಯದ ತನ್ನ ಮನೆಯಿಂದ ಸ್ಕೂಟರಿನಲ್ಲಿ ಹೊರಟವನು. ಹೆಂಡತಿ ದಾಕ್ಷಾಯಣಮ್ಮನಿಗೆ, "ಹಾಲುರಾಮೇಶ್ವರದ ಕಡೆ ಹೋಗಿ ಬರ್ತೀನಿ, ಸಂಜಿಗೆ ರೊಟ್ಟಿ ಮಾಡಿರು" ಎಂದಷ್ಟೇ ಹೇಳಿದ್ದ. ಮಂಗಳವಾರ ಅವನ ಸ್ಕೂಟರು ರಸ್ತೆ ಬದಿಯ ಒಂದು ಚಹದಂಗಡಿಯ ಹಿಂದೆ ಸಿಕ್ಕಿತ್ತು. ಯಜಮಾನರು ನೀರಿನ ಕಡೆಗೆ ನಡೆದು ಹೋದರು ಎಂದು ಅಂಗಡಿಯವನು ಹೇಳಿದ್ದ. ಹಿನ್ನೀರೆಂದರೆ ಒಂದು ಕೆರೆಯಷ್ಟಲ್ಲ. ಗುಡ್ಡಗಳ ಸಂದುಸಂದಿಗೆ ಕೈ ಚಾಚಿಕೊಂಡು ಮೈಲಿಗಟ್ಟಲೆ ಮಲಗಿರುತ್ತದೆ. ಯಾವ ಸಂದಿಗೆ ಹೋದ ಎಂದು ಯಾರಿಗೂ ಗೊತ್ತಿರಲಿಲ್ಲ.

ಚೀಲ ಅವನದೇ. ಪುಸ್ತಕ ನಾನು ಕೊಟ್ಟದ್ದೇ. ಅದು ಉಬ್ಬಿ ಇಮ್ಮಡಿ ದಪ್ಪವಾಗಿತ್ತು. ಚೀಲದ ಪಕ್ಕದಲ್ಲಿ ಅವನ ಎಡಗಾಲಿನ ಚಪ್ಪಲಿಯನ್ನೂ ಇಟ್ಟಿದ್ದರು.

ಅಲ್ಲಿದ್ದ ದಫೇದಾರ ಒಳ್ಳೆಯ ಮನುಷ್ಯ. ನನ್ನನ್ನು ನೆರಳಿಗೆ ಕರೆದು, "ಕುಂತ್ಕಳ್ರಿ ಯಜಮಾನ್ರೇ. ಕೇಳಬೇಕು ಅಂತ ಕೇಳ್ತೀನಿ, ಬೇಜಾರು ಮಾಡ್ಕಬ್ಯಾಡ್ರಿ. ಅವರು ಏನಾದ್ರೂ ಬರೆದಿಟ್ಟಿದ್ರಾ?" ಎಂದು ಕೇಳಿದ.

"ಅಂಥಾದ್ದೇನೂ ಇಲ್ಲ" ಎಂದೆ.

ಹಾಗೆ ಹೇಳುವಾಗ ನನ್ನ ಬೀರುವಿನಲ್ಲಿದ್ದ ಲಕೋಟೆ ನೆನಪಿಗೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಬಂತು. ಅದು ಸ್ಪರ್ಧೆಯ ಕಾಗದ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದುಕೊಂಡೆ.

ಆ ಲಕೋಟೆಯ ವಿಷಯ ಹೇಳಬೇಕು.

ನಾನೂ ಮುರುಗಪ್ಪನೂ ಇಬ್ಬರೂ ಮೇಷ್ಟ್ರುಗಳು. ನಾನು ಕನ್ನಡ, ಅವನು ಚರಿತ್ರೆ. ನಿವೃತ್ತಿಯಾದ ಮೇಲೆ ದುರ್ಗದ ಒಂದು ಕೇಬಲ್ ಟಿ.ವಿ.ಯವರು ಜಿಲ್ಲೆಯ ಮಕ್ಕಳಿಗಾಗಿ ರಸಪ್ರಶ್ನೆ ಕಾರ್ಯಕ್ರಮ ಮಾಡಬೇಕೆಂದು ನಮ್ಮನ್ನು ಕರೆದರು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಕಾಲೇಜು ಮಕ್ಕಳು ಬರುತ್ತಿದ್ದರು. ನಾನು ಪ್ರಶ್ನೆ ಓದುವವನು. ಕೊನೆಯ ಸುತ್ತಿನ ಐದು ಪ್ರಶ್ನೆ ತಯಾರಿಸುವವನು ಮುರುಗಪ್ಪ. ಆರು ವರ್ಷ ಹೀಗೆ ನಡೆಯಿತು. ಅವನು ಒಮ್ಮೆಯೂ ಕ್ಯಾಮೆರಾದ ಮುಂದೆ ಬಂದವನಲ್ಲ. ಹಿಂದಿನ ಕೋಣೆಯಲ್ಲಿ ಕುಳಿತು ಉತ್ತರ ಸರಿಯೋ ತಪ್ಪೋ ಎಂದು ಚೀಟಿ ಕಳಿಸುತ್ತಿದ್ದ. ಅವನ ಮುಖ ಮಕ್ಕಳಿಗೆ ಗೊತ್ತಿರಲಿಲ್ಲ.

ಮೂರನೆಯ ವರ್ಷ ಒಂದು ಮಾತು ಬಂತು. ಗೆದ್ದ ಹುಡುಗ ನನ್ನ ಹಳೆಯ ವಿದ್ಯಾರ್ಥಿಯ ಮಗ, ಮೇಷ್ಟ್ರು ಮೊದಲೇ ಹೇಳಿಕೊಟ್ಟಿದ್ದಾರೆ ಎಂದರು. ನನಗೆ ಊಟ ಸೇರದಾಯಿತು. ಅಂದಿನಿಂದ ನಾನೊಂದು ಕಟ್ಟುಪಾಡು ಮಾಡಿದೆ. ಪ್ರಶ್ನೆಗಳು ಅಂಟಿಸಿದ ಲಕೋಟೆಯಲ್ಲಿ ನನ್ನ ಬಳಿ ಇರಬೇಕು, ಅಂಟಿನ ಮೇಲೆ ಅವನ ಸಹಿ ಬೀಳಬೇಕು, ವೇದಿಕೆಯ ಮೇಲೆ ಎಲ್ಲರೆದುರು ಒಡೆಯಬೇಕು. ಉತ್ತರಗಳ ಚೀಟಿ ಅವನ ಜೇಬಿನಲ್ಲಿರಬೇಕು. ಎರಡೂ ಒಬ್ಬನ ಕೈಯಲ್ಲಿ ಒಂದು ಗಳಿಗೆಯೂ ಇರಕೂಡದು.

ಅದಾದ ಮರುವರ್ಷ ಇನ್ನೊಂದು ಕಟ್ಟು ಸೇರಿತು. ಯಾವುದೋ ಗುಡಿಯ ಮೆಟ್ಟಿಲುಗಳ ಸಂಖ್ಯೆಯನ್ನು ಮುರುಗಪ್ಪ ಯಾರದೋ ಬಾಯಿಂದ ಕೇಳಿ ಬರೆದಿದ್ದ. ಆ ಊರಿನ ಹುಡುಗಿಯೇ ಎದ್ದು ನಿಂತು ತಪ್ಪೆಂದಳು. ಎಣಿಸಿದರೆ ಅವಳೇ ಸರಿ. ನಾನು ಎಲ್ಲರ ಮುಂದೆ ತಮ್ಮನನ್ನು ಬೈದೆ. "ಕಣ್ಣಾರೆ ಕಾಣದ್ದನ್ನು ಇನ್ನು ಬರೆಯಬೇಡ" ಎಂದೆ. ಅರವತ್ತು ದಾಟಿದ ಮನುಷ್ಯ ತಲೆ ತಗ್ಗಿಸಿ ನಿಂತ. ಆಮೇಲೆ ಅವನು ಪ್ರತಿಯೊಂದು ಪ್ರಶ್ನೆಯ ಜಾಗಕ್ಕೂ ತಾನೇ ಹೋಗಿ, ನೋಡಿ, ಮುಟ್ಟಿ, ಎಣಿಸಿ, ಅನಂತರವೇ ಉತ್ತರದ ಚೀಟಿ ಬರೆಯುತ್ತಿದ್ದ.

ಈ ಸಲದ ಲಕೋಟೆಯನ್ನು ಕೊಡಲು ಭಾನುವಾರ ದುರ್ಗಕ್ಕೆ ಬಂದಿದ್ದ. ನಾನು ಅಂಟಿನ ಮೇಲಿನ ಸಹಿಯನ್ನು ಬೆಳಕಿಗೆ ಹಿಡಿದು ನೋಡಿದೆ.

"ಇನ್ನೊಂದು ಸಹಿ ಹಾಕಲೇನಣ್ಣ? ಸಾಲದಿದ್ರೆ ಹೆಬ್ಬೆಟ್ಟೂ ಒತ್ತೀನಿ" ಎಂದು ನಕ್ಕ. "ನಾಳೆ ನೀನು ಶಿವನ ಹತ್ರ ಹೋದ್ರೂ, ಮೊದಲು ಇಲ್ಲಿ ಸಹಿ ಹಾಕಪ್ಪ, ಆಮೇಲೆ ಒಳಗೆ ಬರ್ತೀನಿ ಅಂತೀಯ."

"ಉತ್ತರ ಬರೆದಾಯ್ತೇನೋ?"

"ನಾಲ್ಕು ಆಗೈತೆ. ಇನ್ನೊಂದು ನೋಡಿ ಬರೋದೈತೆ. ಹೋದ ವರ್ಷವೇ ಹಾಕಬೇಕಂತಿದ್ದೆ, ನೀರು ಜಾಸ್ತಿ ಇತ್ತು. ಈಗ ಇಳಿದೈತಂತೆ."

ಎಲ್ಲಿ ಎಂದು ನಾನು ಕೇಳಲಿಲ್ಲ. ಕೇಳುವಂತಿರಲಿಲ್ಲ. ನಾನೇ ಮಾಡಿದ ಕಟ್ಟು.

ಅಗ್ನಿಶಾಮಕದವರು ದೋಣಿ ತಂದು ನಾಲ್ಕು ದಿನ ಹುಡುಕಿದರು. ಚೀಲ ಸಿಕ್ಕಿದ ಕಡೆಯಲ್ಲೇ ಹುಡುಕಿದರು. ಆ ನಡುವೆ ಮೇಲ್ಗಡೆ ಮಳೆಯಾಗಿ ನೀರು ಮತ್ತೆ ಏರಿತು. ಸೋಮವಾರ ಸಂಜೆ ದೋಣಿಯನ್ನು ಲಾರಿಗೆ ಏರಿಸಿಕೊಂಡು ಹೊರಟರು.

ದಾಕ್ಷಾಯಣಮ್ಮ ಅತ್ತದ್ದನ್ನು ನಾನು ಕಾಣಲಿಲ್ಲ. ಮನೆಗೆ ಬಂದ ಬಂಧುಗಳು ಅಳಲು ಶುರು ಮಾಡಿದರೆ, "ಯಾರು ಸತ್ತಾರೆ ಅಂತ ಅಳ್ತೀರಿ? ಚಾ ಕುಡೀರಿ" ಎನ್ನುತ್ತಿದ್ದಳು. ಹಣೆಯ ಕುಂಕುಮ ಎಂದಿಗಿಂತ ದೊಡ್ಡದಾಗಿತ್ತು. ನಾನು ಹೋದಾಗ ಒಳಗೆ ಕರೆದು ಕೂರಿಸಿದಳು.

"ಭಾವ, ಚೀಲ ಸಿಕ್ಕರೆ ಮನುಷ್ಯ ಹೋದ ಅಂತಾರೇನು? ಸಂತೆಯಾಗೆ ಎಷ್ಟು ಸಲ ಚೀಲ ಕಳಕೊಂಡು ಬಂದಿಲ್ಲ ಅವರು?"

ನಾನು ಚಹದ ಲೋಟವನ್ನು ಕೆಳಗಿಟ್ಟೆ.

"ನಿನ್ನೆ ಹಾಲುರಾಮೇಶ್ವರಕ್ಕೆ ಹೋಗಿದ್ದೆ" ಎಂದಳು. ಅಲ್ಲಿಯ ಕೊಳದ ಮುಂದೆ ಕುಳಿತು ಮನಸ್ಸಿನಲ್ಲಿ ಬೇಡಿಕೊಂಡರೆ ನೀರಿನೊಳಗಿಂದ ಹೂವೋ ಹಣ್ಣೋ ತೇಲಿ ಬರುತ್ತದೆ, ಅದೇ ಗಂಗಮ್ಮನ ಉತ್ತರ ಎಂದು ನಮ್ಮ ಕಡೆಯವರ ನಂಬಿಕೆ. "ಇದಾರೋ ಇಲ್ಲವೋ ಅಷ್ಟು ಹೇಳು ತಾಯಿ ಅಂದೆ. ನನ್ನ ಮುಂದಿನಾಕಿಗೆ ಹೂ ಬಂತು. ಹಿಂದಿನಾಕಿಗೆ ಎಲೆ ಬಂತು. ನನಗೆ ನೀರು ಅಲುಗಾಡಲೂ ಇಲ್ಲ. ಮಧ್ಯಾಹ್ನದ ತನಕ ಕುಂತಿದ್ದೆ. ಪೂಜಾರಪ್ಪ ಬಂದು, ಏಳವ್ವ, ಬಿಸಿಲು ಅಂದ."

ಮತ್ತೆ ಅವಳೇ ಅಂದಳು. "ಹೋಗಿದ್ರೆ ಹೋಗ್ಲಿ ಭಾವ. ನಾನು ಬೇಡ ಅಂದ್ರೆ ಕೇಳ್ತಾರಾ? ಆದ್ರೆ ಕೈಯಾಗೆ ಲಿಂಗ ಇಟ್ಟು, ಇಭೂತಿ ಹಚ್ಚಿ, ಮಣ್ಣಿನಾಗೆ ಕುಂದ್ರಿಸಬೇಕು. ನೀರಿನಾಗೆ ಬಿಟ್ಟು ಹೆಂಗೆ ತಿಂಗಳು ಮಾಡ್ಲಿ, ವರ್ಷ ಮಾಡ್ಲಿ? ಅವರನ್ನ ತಂದುಕೊಡ್ರಿ. ಇನ್ನೇನೂ ಕೇಳಲ್ಲ ನಿಮ್ಮನ್ನ."

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಪೂಜೆಗೆ ಕುಳಿತಂತೆ ಕೂರಿಸಿ, ಎಡಗೈಯಲ್ಲಿ ಅವರ ಇಷ್ಟಲಿಂಗವನ್ನಿಟ್ಟು ಸಮಾಧಿ ಮಾಡುತ್ತೇವೆ. ಅದಾಗದ ಹೊರತು ಅವಳಿಗೆ ಗಂಡ ಸತ್ತವನೂ ಅಲ್ಲ, ಬದುಕಿದವನೂ ಅಲ್ಲ. ತರುತ್ತೇನೆ ಎಂದು ಅವಳಿಗೆ ಮಾತು ಕೊಟ್ಟೆ. ಯಾವ ಬಲದ ಮೇಲೆ ಕೊಟ್ಟೆನೋ ತಿಳಿಯದು.

ಅಂತಿಮ ಸುತ್ತಿನ ಚಿತ್ರೀಕರಣ ಆ ಶುಕ್ರವಾರಕ್ಕೆ ಗೊತ್ತಾಗಿತ್ತು. ಟಿ.ವಿ.ಯ ನಿರಂಜನ್ ಫೋನು ಮಾಡಿ, ಮುಂದಕ್ಕೆ ಹಾಕಲೇ ಎಂದು ಕೇಳಿದ. ನಾನು ದಾಕ್ಷಾಯಣಮ್ಮನನ್ನು ಕೇಳಿದೆ. "ಅವರು ಮಾಡಿಟ್ಟ ಕೆಲಸ, ಯಾಕೆ ನಿಲ್ಲಿಸ್ತೀರಿ? ನಡೆಸ್ರಿ" ಎಂದಳು. ಶುಕ್ರವಾರ ಬೀರುವಿನಿಂದ ಲಕೋಟೆ ತೆಗೆದು ಎದೆಯ ಜೇಬಿನಲ್ಲಿಟ್ಟುಕೊಂಡು ಹೋದೆ. ಆಗಲೂ ಒಡೆದು ನೋಡಲಿಲ್ಲ.

ಅವರ ಸ್ಟುಡಿಯೋ ಒಂದು ಕಲ್ಯಾಣಮಂಟಪದ ಮೇಲಿನ ಹಾಲ್. ನಾಲ್ಕು ತಾಲ್ಲೂಕಿನ ನಾಲ್ಕು ಮಕ್ಕಳು ಮೇಜಿನ ಹಿಂದೆ ಕುಳಿತಿದ್ದರು. ಹಿರಿಯೂರಿನ ಮೋಹನ್‌ಕುಮಾರ್ ಎಂಬ ಹುಡುಗನೂ ಹೊಸದುರ್ಗದ ಸ್ವಾತಿ ಎಂಬ ಹುಡುಗಿಯೂ ಅಂಕದಲ್ಲಿ ಮುಂದಿದ್ದರು. ಉತ್ತರದ ಚೀಟಿ ಇಲ್ಲವಲ್ಲ, ಹೇಗೆ ಎಂದು ನಿರಂಜನ್ ಕಿವಿಯಲ್ಲಿ ಕೇಳಿದ. ನನಗೆ ತಿಳಿದದ್ದನ್ನು ನಾನೇ ಹೇಳುತ್ತೇನೆ, ತಿಳಿಯದಿದ್ದರೆ ಆಮೇಲೆ ವಿಚಾರಿಸೋಣ ಎಂದೆ. ಹಿಂದಿನ ಕೋಣೆಯಲ್ಲಿ ಮುರುಗಪ್ಪ ಕೂರುತ್ತಿದ್ದ ಕುರ್ಚಿಯನ್ನು ಯಾರೋ ಒರೆಸಿ, ಮುಂದೆ ಒಂದು ಲೋಟ ನೀರಿಟ್ಟಿದ್ದರು.

ಎಲ್ಲರೆದುರು ಲಕೋಟೆ ಒಡೆದೆ. ಅವನ ದುಂಡನೆಯ ಅಕ್ಷರ. ಒಂದೊಂದಾಗಿಯೇ ಓದುವುದು ನಮ್ಮ ಪದ್ಧತಿ. ಕೆಳಗಿನವನ್ನು ರಟ್ಟಿನಿಂದ ಮುಚ್ಚಿಕೊಂಡಿದ್ದೆ.

ಮೊದಲನೆಯದು: ಚಂದ್ರವಳ್ಳಿಯ ಬಂಡೆ ಶಾಸನ ಹೇಳುವಂತೆ ಮಯೂರಶರ್ಮ ಅಲ್ಲಿ ಕಟ್ಟಿಸಿದ್ದು ಏನನ್ನು? ದುರ್ಗದ ಹುಡುಗ ಗಂಟೆ ಒತ್ತಿ, "ಕೆರೆ" ಎಂದ. ಎರಡನೆಯದು: ಮಾರಿಕಣಿವೆಯ ಕಟ್ಟೆ ತಡೆದಿರುವುದು ಯಾವ ಹೊಳೆಯನ್ನು? "ವೇದಾವತಿ" ಎಂದು ಮೋಹನ್‌ಕುಮಾರ್ ಪ್ರಶ್ನೆ ಮುಗಿಯುವ ಮೊದಲೇ ಹೇಳಿದ. ಮೂರನೆಯದು: ಹೊಳಲ್ಕೆರೆಯ ಬಯಲು ಗಣಪನ ಬೆನ್ನಿನ ಮೇಲೆ ಇಳಿದಿರುವುದೇನು? "ಜಡೆ ಸಾರ್" ಎಂದಳು ಸ್ವಾತಿ. ನಾಲ್ಕನೆಯದು: ಹಾಲುರಾಮೇಶ್ವರದಲ್ಲಿ ಬೇಡಿಕೊಂಡವರಿಗೆ ಉತ್ತರ ಎಲ್ಲಿಂದ ಬರುತ್ತದೆ?

"ನೀರಿನ ಒಳಗಿಂದ" ಎಂದು ಅವಳೇ ಹೇಳಿದಳು.

ಸರಿ ಎಂದೆ. ಕೆರೆ, ಹೊಳೆ, ಕೊಳ. ಇವನ್ನು ಬರೆಯುವಾಗ ಅವನು ಬದುಕಿದ್ದ, ನಗುತ್ತಿದ್ದ ಎಂದು ನನಗೆ ನಾನೇ ಹೇಳಿಕೊಂಡೆ. ಆಗ ಮೋಹನ್‌ಕುಮಾರನೂ ಸ್ವಾತಿಯೂ ಅಂಕದಲ್ಲಿ ಸಮಸಮವಾಗಿದ್ದರು. ಐದನೆಯದೇ ಗೆಲುವಿನ ಪ್ರಶ್ನೆ.

ರಟ್ಟನ್ನು ಸರಿಸಿದೆ.

"ಬೋಳುಗುಡ್ಡದ ಬುಡದಲ್ಲಿ, ಕಣಿವೆ ಕಟ್ಟಿದಾಗ ನೀರಿಗೆ ಹೋದ ಹಳೆ ಊರಿನ ಬಾಗಿಲಿನಲ್ಲಿ, ಒಂದೇ ಸಾಲಾಗಿ ಇರುವ ವೀರಗಲ್ಲುಗಳೆಷ್ಟು?"

ಪ್ರಶ್ನೆಯ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ ಬರೆದುಕೊಂಡಿದ್ದ: ಸೋಮವಾರ ಹೋಗಿ ಎಣಿಸುವುದು.

ನಾನು ಅದನ್ನೂ ಗಟ್ಟಿಯಾಗಿ ಓದಿದೆನಂತೆ. ನನಗೆ ನೆನಪಿಲ್ಲ. ಬೋಳುಗುಡ್ಡವಿರುವುದು ಚೀಲ ಸಿಕ್ಕಿದ ಜಾಗದಿಂದ ಬಹಳ ದೂರ, ಹಿನ್ನೀರಿನ ಇನ್ನೊಂದು ಕೈಯಲ್ಲಿ. ಆ ಕಡೆ ಒಂದು ದೋಣಿಯೂ ಹೋಗಿರಲಿಲ್ಲ. ತಮ್ಮ ಎಲ್ಲಿಗೆ ಹೋದನೆಂಬುದು ಹನ್ನೊಂದು ದಿನದಿಂದ ನನ್ನ ಬೀರುವಿನಲ್ಲಿ, ನನ್ನ ಪಂಚೆಗಳ ಕೆಳಗೆ ಇತ್ತು. ಅದರ ಕೀಲಿ ಲಿಂಗದ ದಾರದ ಹಾಗೆ ಸದಾ ನನ್ನ ಮೈಮೇಲೇ ಇತ್ತು.

ಗಂಟೆ ಒತ್ತಿದವಳು ಸ್ವಾತಿ.

"ಆರು" ಎಂದಳು. ಹೇಳಿ ಬಾಯಿ ಮುಚ್ಚಲಿಲ್ಲ. ನನ್ನ ಕಡೆ ನೋಡುತ್ತಿರಲಿಲ್ಲ, ಮೇಜಿನ ಮೇಲೆ ಏನನ್ನೋ ಎಣಿಸುವವಳಂತೆ ನೋಡುತ್ತಿದ್ದಳು. "ಅಲ್ಲ ಸಾರ್. ಏಳು."

"ಯಾವುದಮ್ಮ ನಿನ್ನ ಉತ್ತರ?"

"ಏಳು."

"ನಿನಗೆ ಹೇಗೆ ಗೊತ್ತು?"

"ನಮ್ಮಜ್ಜಿ ಗಿರಿಯಮ್ಮನ ತವರು ಅದೇ ಕಡೆ ಸಾರ್. ಆರು ಕಲ್ಲು ಅಂತ ಅಜ್ಜಿ ಹೇಳ್ತಿತ್ತು. ಆರು ಅಂತಾನೇ ನನಗೆ ಗೊತ್ತಿದ್ದದ್ದು."

"ಮತ್ತೆ?"

"ಈಗ ಎಣಿಸಿದ್ರೆ ಏಳು ಅವೆ ಸಾರ್" ಎಂದಳು. ಅವಳ ದನಿ ತರಗತಿಯಲ್ಲಿ ಪಾಠ ಒಪ್ಪಿಸುವ ಮಗುವಿನ ದನಿಯಂತೆ ಸಮನಾಗಿತ್ತು. "ಆರು ನಿಂತಾವೆ. ಕೊನೇದು ಕುಂತೈತೆ. ಅದು ಕನ್ನಡಕ ಹಾಕ್ಕಂಡೈತೆ."

ಯಾರೋ ಹಿಂದಿನ ಸಾಲಿನಲ್ಲಿ ನಕ್ಕು, ಥಟ್ಟನೆ ನಿಲ್ಲಿಸಿದರು. ಮೋಹನ್‌ಕುಮಾರ್, "ಏಯ್, ಏನ್ ಹೇಳ್ತಿದ್ದೀಯ?" ಎಂದು ಅವಳ ತೋಳು ಹಿಡಿದು ಅಲುಗಾಡಿಸಿದ. ಹುಡುಗಿ ಬೆಚ್ಚಿ ಸುತ್ತ ನೋಡಿದಳು. "ನಾನು ಆರು ಅಂದ್ನಲ್ಲ ಸಾರ್? ಸರಿ ತಾನೇ?" ಎಂದಳು. ತಾನು ಏಳು ಎಂದದ್ದೇ ಅವಳಿಗೆ ನೆನಪಿರಲಿಲ್ಲ.

ನಿರಂಜನ್ ದೀಪಗಳನ್ನು ಆರಿಸಲು ಹೇಳಿದ. ನಾನು ಕುರ್ಚಿಯಿಂದ ಎದ್ದೆ. ಅಲ್ಲಿಂದಲೇ ದಫೇದಾರನಿಗೆ ಫೋನು ಮಾಡಿದೆ. "ನನ್ನ ತಮ್ಮ ಬರೆದಿಟ್ಟಿದ್ದಾನೆ" ಎಂದೆ. ಹೇಳಬೇಕಾಗಿದ್ದ ದಿನಕ್ಕಿಂತ ಎಂಟು ದಿನ ತಡವಾಗಿ ಹೇಳಿದೆ.

ಶನಿವಾರ ಬೆಳಿಗ್ಗೆ ಏಳಕ್ಕೆ ಬೋಳುಗುಡ್ಡದ ಬುಡದಲ್ಲಿದ್ದೆವು. ದಫೇದಾರ, ಅಗ್ನಿಶಾಮಕದ ಮೂವರು, ಹಿನ್ನೀರಿನ ಆ ಕೈಯಲ್ಲಿ ಮೀನು ಹಿಡಿಯುವ ರಂಗಪ್ಪ, ನಾನು. ಬಿಸಿಲು ಚೆನ್ನಾಗಿತ್ತು. ಗಾಳಿ ಇರಲಿಲ್ಲ. ನೀರು ಬಟ್ಟೆ ಹಾಸಿದಂತೆ ಬಿದ್ದಿತ್ತು. ಕಲ್ಲುಗಳು ಎಲ್ಲೂ ಕಾಣುತ್ತಿರಲಿಲ್ಲ.

"ಹದಿನೈದು ದಿನದ ಹಿಂದೆ ಬಂದಿದ್ರೆ ತಲೆ ಕಾಣ್ತಿದ್ವು ಸಾಮಿ" ಎಂದ ರಂಗಪ್ಪ. "ಮೊಣಕಾಲು ನೀರಾಗೆ ನಡಕೊಂಡೇ ಹೋಗಬೋದಿತ್ತು. ಆದ್ರೆ ಕಲ್ಲಿನ ಬುಡದಾಗೆ ಕೆಸರು ಕೆಟ್ಟದ್ದು. ದನ ಇಳಿದ್ರೂ ಏಳಲ್ಲ. ಗೊತ್ತಿಲ್ಲದೋರು ಹೋಗಬಾರದು."

"ಕಲ್ಲು ಎಷ್ಟು ರಂಗಪ್ಪ?"

"ಆರು. ಹುಟ್ಟಿದಾಗಿಂದ ನೋಡೀನಿ. ನಮ್ಮಪ್ಪನೂ ಆರೇ ನೋಡ್ಯಾನೆ."

ಅವನ ತೆಪ್ಪದಲ್ಲಿ ನಾನೂ ದಫೇದಾರನೂ ಕುಳಿತೆವು. ನೀವು ಬರಬೇಡಿ ಎಂದು ದಫೇದಾರ ಎರಡು ಸಲ ಹೇಳಿದ, ನಾನು ಕೇಳಲಿಲ್ಲ. ಅಗ್ನಿಶಾಮಕದವರ ದೋಣಿ ಹಿಂದೆ ಬಂತು. ಒಂದು ಕಡೆ ರಂಗಪ್ಪ ನಿಲ್ಲಿಸಿ, ಉದ್ದನೆಯ ಬಿದಿರು ಗಳುವನ್ನು ನೀರಿಗಿಳಿಸಿದ. ಒಳಗೆ ಟಕ್ ಎಂದು ಕಲ್ಲು ತಾಗಿದ ಶಬ್ದವಾಯಿತು.

"ಒಂದು" ಎಂದ. ತೆಪ್ಪವನ್ನು ಸ್ವಲ್ಪ ಸರಿಸಿದ. ಟಕ್. "ಎರಡು."

ಮೂರು, ನಾಲ್ಕು, ಐದು. ಪ್ರತಿ ಸಲವೂ ಅದೇ ಒಣ ಶಬ್ದ, ಬಾಗಿಲು ತಟ್ಟಿದ ಹಾಗೆ. ಆರನೆಯದೂ ತಾಗಿತು.

"ಮುಗೀತು ಸಾಮಿ. ಇಷ್ಟೇ ಇರಾವು. ತಿರುಗಿಸಲಾ?"

"ಇನ್ನೂ ಒಂದು ಮಾರು ಮುಂದೆ ಹೋಗಾಣಪ್ಪ" ಎಂದೆ.

ಅವನು ನನ್ನ ಮುಖ ನೋಡಿ, ತೆಪ್ಪ ಸರಿಸಿ, ಗಳುವನ್ನು ಇಳಿಬಿಟ್ಟ. ಶಬ್ದ ಬರಲಿಲ್ಲ. ಗಳು ನಿಂತಿತು. ಕಲ್ಲಲ್ಲದ ಯಾವುದೋ ಅದನ್ನು ತಡೆದಿತ್ತು. ರಂಗಪ್ಪ ಗಳುವನ್ನು ನಿಧಾನವಾಗಿ ಮೇಲಕ್ಕೆಳೆದು, ತೆಪ್ಪದಲ್ಲಿ ಅಡ್ಡಲಾಗಿ ಮಲಗಿಸಿ, ತಲೆಯ ಟವೆಲು ತೆಗೆದು ಕೈಮುಗಿದ.

ಅಗ್ನಿಶಾಮಕದ ಹುಡುಗರು ಎರಡು ಸಲ ಮುಳುಗು ಹಾಕಿ ಬಂದರು. ಆರನೆಯ ಕಲ್ಲಿನ ಪಕ್ಕದಲ್ಲಿ, ಅದೇ ಸಾಲಿನಲ್ಲಿ, ಆ ಕಲ್ಲುಗಳು ಯಾವ ಕಡೆಗೆ ಮುಖ ಮಾಡಿದ್ದವೋ ಅದೇ ಕಡೆಗೆ ಮುಖ ಮಾಡಿ ಕುಳಿತಿದ್ದಾರೆ ಎಂದರು. ಕಾಲುಗಳು ತೊಡೆಯವರೆಗೆ ಕೆಸರಿನಲ್ಲಿ ಮಡಿಸಿಕೊಂಡಿದ್ದವು. ಅದಕ್ಕೇ ಮೇಲೆ ಬಂದಿರಲಿಲ್ಲ. ಕನ್ನಡಕಕ್ಕೆ ಅವನು ಸದಾ ಹಿಂದಿನಿಂದ ದಾರ ಕಟ್ಟಿಕೊಳ್ಳುತ್ತಿದ್ದ. ಅದು ಹಾಗೆಯೇ ಇತ್ತು. ಕೊರಳಿನ ಲಿಂಗ ಹಾಗೆಯೇ ಇತ್ತು.

ಮೇಲೆ ತಂದಾಗ ದಫೇದಾರ ನನ್ನ ಕಣ್ಣಿಗೆ ಅಡ್ಡ ನಿಂತ. ನೀರಿನಲ್ಲಿ ಹನ್ನೆರಡು ದಿನ ಇದ್ದದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಆಸ್ಪತ್ರೆಯ ಕೆಲಸ ಮುಗಿದ ಮೇಲೆ ಅವನ ಜೇಬಿನಲ್ಲಿದ್ದದ್ದನ್ನು ದಫೇದಾರ ನನಗೆ ಕೊಟ್ಟ. ಬೆವರಿಗೆ ನೆನೆಯಬಾರದೆಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಉತ್ತರದ ಚೀಟಿ. ಪೆನ್ಸಿಲಿನಲ್ಲಿ ಬರೆದದ್ದರಿಂದ ಅಳಿಸಿರಲಿಲ್ಲ. ನಾಲ್ಕು ಉತ್ತರಗಳು ದುಂಡಗೆ ಇದ್ದವು. ಐದನೆಯದರ ಮುಂದೆ 'ಆರು' ಎಂದಿತ್ತು. ಅದನ್ನು ಒಂದು ಗೀಟು ಹಾಕಿ ಹೊಡೆದು, ಕೆಳಗೆ 'ಏಳು' ಎಂದು ಬರೆದಿದ್ದ. ಆ ಅಕ್ಷರವೂ ದುಂಡಗೆ, ಅವಸರವಿಲ್ಲದೆ ಇತ್ತು. ಕೆಸರಿನಲ್ಲಿ ಇಳಿಯುತ್ತಿರುವ ಮನುಷ್ಯನ ಕೈ ಬರೆದದ್ದೆಂದು ಯಾರೂ ಹೇಳಲಾರರು.

ನಾನು ಬಾಲ್ಯದಿಂದ ಕಲಿತದ್ದು ಹೀಗೆ: ಮೈಮೇಲೆ ಲಿಂಗ ಧರಿಸಿದವನಿಗೆ ಪ್ರೇತವೆಂಬುದಿಲ್ಲ, ಅಲೆಯುವುದೆಂಬುದಿಲ್ಲ, ಅವನು ಹೋದ ಗಳಿಗೆಯಲ್ಲೇ ಶಿವನಲ್ಲಿ ಒಂದಾಗುತ್ತಾನೆ. ಈಗಲೂ ಅದನ್ನೇ ನಂಬುತ್ತೇನೆ. ಹಾಗಾದರೆ ಆ ಹುಡುಗಿಗೆ ತೋರಿಸಿದವರು ಯಾರು? ಮಠಕ್ಕೆ ಹೋಗಿ ಹಿರಿಯ ಅಯ್ಯನವರನ್ನು ಕೇಳಿದೆ. ಅವರು ನನ್ನ ಹಣೆಗೆ ವಿಭೂತಿ ಹಚ್ಚಿ, "ಮನೆಗೆ ಹೋಗಿ ಊಟ ಮಾಡ್ರಿ ಮೇಷ್ಟ್ರೇ" ಎಂದರು.

ತಾಳ್ಯದ ಹೊಲದಲ್ಲಿ ಸಮಾಧಿ ತೋಡಿದರು. ಇಷ್ಟು ದಿನದ ಮೇಲೆ ದೇಹವನ್ನು ಕೂರಿಸಲಾಗುವುದಿಲ್ಲ, ಮಲಗಿಸಿಯೇ ಮಾಡೋಣ ಎಂದು ಎಲ್ಲರೂ ಹೇಳಿದ್ದರು. ಕೂರಿಸಬೇಕಾಗಿ ಬರಲಿಲ್ಲ. ಅವನು ಕುಳಿತೇ ಬಂದಿದ್ದ. ಅಯ್ಯನವರು ಅವನ ಎಡಗೈಯನ್ನು ತೆರೆದು ಲಿಂಗವನ್ನಿಟ್ಟರು. ವಿಭೂತಿ, ಬಿಲ್ವಪತ್ರೆ, ಉಪ್ಪು, ಮಣ್ಣು. ದಾಕ್ಷಾಯಣಮ್ಮ ತಾನಾಗಿಯೇ ಮುಂದೆ ಬಂದು ಮೂರು ಹಿಡಿ ಮಣ್ಣು ಹಾಕಿದಳು. ಆಗ ಅತ್ತಳು. ಆ ಅಳು ಕೇಳಿ ನನಗೆ ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿದಂತಾಯಿತು.

ಅವಳಿಗೆ ಲಕೋಟೆಯ ವಿಷಯವನ್ನು ನಾನೇ ಹೇಳಿದೆ. ಹೇಳದೆ ಇರಬಹುದಿತ್ತು. ನಡುಮನೆಯಲ್ಲಿ ಕಂಬಕ್ಕೆ ಒರಗಿ ಕೇಳಿದಳು.

"ಹನ್ನೊಂದು ದಿನ ನಿಮ್ಮ ಬೀರುವಿನಾಗೆ ಇದ್ರು" ಎಂದಳು.

"ಹೌದು."

"ಒಡೆದು ನೋಡಬೇಕು ಅಂತ ಒಂದು ಸಲಾನೂ ಅನ್ನಿಸಲಿಲ್ವಾ ಭಾವ?"

"ಅನ್ನಿಸಿತು. ಒಡೆಯಬಾರದು ಅಂತ ಇತ್ತಲ್ಲ."

ಅವಳ ಕಣ್ಣಿನಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. "ಅವರೂ ಒಡೀತಿರಲಿಲ್ಲ" ಎಂದಳು. "ನೀವಿಬ್ರೂ ಒಂದೇ ಮಣ್ಣಿನೋರು. ನೀವು ಹೇಳಿದ್ರಿ ಅಂತ ನೀರಿಗಿಳಿದ್ರು, ಅವರು ಸಹಿ ಹಾಕಿದ್ರು ಅಂತ ನೀವು ಕೂತ್ರಿ." ಒಳಗೆ ಹೋದಳು. ನಾನು ಬಂದಾಗಲೆಲ್ಲ ಕೊಡುತ್ತಿದ್ದ ಮಜ್ಜಿಗೆ ಆ ದಿನ ಬರಲಿಲ್ಲ.

ಮರುವಾರ ನಿರಂಜನ್ ಫೋನು ಮಾಡಿದ. ಕಾರ್ಯಕ್ರಮ ಪ್ರಸಾರ ಮಾಡುವುದೋ ಬೇಡವೋ, ಮಾಡಿದರೆ ಗೆದ್ದವರು ಯಾರು ಎಂದು ಕೇಳಿದ. "ರೆಕಾರ್ಡಿಂಗ್ ನೋಡಿದೆ ಮೇಷ್ಟ್ರೇ. ಹುಡುಗಿ 'ಆರು' ಅಂದಿದ್ದು ಸರಿಯಾಗಿ ಕೇಳುತ್ತೆ. ಆಮೇಲೆ ಅವಳ ಬಾಯಿ ಆಡುತ್ತೆ, ಶಬ್ದ ಇಲ್ಲ. ನಿಮ್ಮ ಪ್ರಶ್ನೆಗಳು ಕೇಳ್ತಾವೆ, ಅವಳ ಉತ್ತರ ಇಲ್ಲ. ಮೈಕು ಕೆಟ್ಟಿತ್ತೇನೋ ಅಂತ ಅವರವರ ಮೈಕು ಎಲ್ಲಾ ಚೆಕ್ ಮಾಡಿದ್ವಿ, ಸರಿಯಾಗೇ ಐತೆ." ಮತ್ತೆ, "ಕಲ್ಲು ಆರು ಅಂತ ಮೀನಿನೋರು ಹೇಳ್ತಾರಂತೆ. ಆರು ಅಂತಲೇ ಬಿಟ್ಟುಬಿಡೋಣ್ವಾ? ಹೆಂಗಿದ್ರೂ ಹುಡುಗಿ ಗೆಲ್ತಾಳೆ" ಎಂದ.

ನಾನು ಚೀಟಿಯನ್ನು ಮುಂದಿಟ್ಟುಕೊಂಡು ಯೋಚಿಸಿದೆ. ಜನರಿಗೆ ಆರು ಎಂದರೆ ಸುಲಭ, ನಾಳೆ ಯಾರು ಹೋಗಿ ಎಣಿಸಿದರೂ ಆರೇ ಸಿಗುತ್ತವೆ. ಆದರೆ ಪ್ರಶ್ನೆ ಕೇಳಿದವನು ಅಲ್ಲಿಯವರೆಗೆ ನಡೆದು ಹೋಗಿ, ಎಣಿಸಿ, ಬರೆದಿದ್ದಾನೆ. ಅವನನ್ನು ಕಳಿಸಿದವನು ನಾನು. ಅವನ ಎಣಿಕೆಯನ್ನು ತಿದ್ದುವ ಅಧಿಕಾರ ನನಗೆ ಇನ್ನಿಲ್ಲ.

"ಆ ಶುಕ್ರವಾರದ ಮಟ್ಟಿಗೆ ಸರಿಯುತ್ತರ ಏಳು" ಎಂದೆ. "ಹುಡುಗಿಯೂ ಏಳು ಅಂದಳು. ಅವಳೇ ಗೆದ್ದಳು. ಬಹುಮಾನ ಕೊಡಿ. ಇನ್ನು ಮುಂದೆ ನನ್ನನ್ನು ಕರೆಯಬೇಡಿ."

ಈಗ ಪ್ರತಿ ಸೋಮವಾರ ಬಸ್ಸು ಹತ್ತಿ ತಾಳ್ಯಕ್ಕೆ ಹೋಗುತ್ತೇನೆ. ಸಮಾಧಿಯ ಹತ್ತಿರ ಹೋಗುವ ಮೊದಲು ದೂರದಲ್ಲೇ ನಿಂತು, ಅಲ್ಲಿ ಯಾರಾದರೂ ಕುಳಿತಿದ್ದಾರೆಯೇ ಎಂದು ನೋಡುತ್ತೇನೆ; ಯಾಕೆ ಹಾಗೆ ನೋಡುತ್ತೇನೆಂದು ದಾಕ್ಷಾಯಣಮ್ಮನಿಗೆ ಹೇಳಿಲ್ಲ. ಮಣ್ಣು ಒಣಗಿ ಗಟ್ಟಿಯಾಗಿದೆ. ಮೇಲೆ ಪತ್ರೆ ಇಟ್ಟು ಕುಳಿತು, ಅಂಗೈಯಲ್ಲಿ ಲಿಂಗ ಹಿಡಿದು, ಇಷ್ಟನ್ನು ಬೇಡುತ್ತೇನೆ.

ಶಿವನೇ, ನನ್ನ ತಮ್ಮ ಮುರುಗಪ್ಪ ಹೇಳಿದ ಮಾತು ಮೀರದವನು, ಯಾರನ್ನೂ ನೋಯಿಸದವನು. ಅವನ ಕಾಲಿಗೆ ಹತ್ತಿದ ಕೆಸರನ್ನು ನಿನ್ನ ಕೈಯಿಂದ ತೊಳೆ. ಅವನ ಮೈಯ ಚಳಿಯನ್ನು ತೆಗೆ. ತಪ್ಪು ನನ್ನದು, ಅದರ ನೆರಳು ಅವನ ಮೇಲೆ ಬೀಳದಿರಲಿ. ಅವನಿಗೆ ಇನ್ನು ಎಲ್ಲಿಗೂ ಹೋಗುವ ಕೆಲಸ ಹೇಳಬೇಡ, ಏನನ್ನೂ ನೋಡಿ ಬಾ ಎನ್ನಬೇಡ. ನಿನ್ನೊಳಗೆ ಸೇರಿಸಿಕೊಂಡು ಸುಮ್ಮನೆ ಇರಲು ಬಿಡು, ತಂದೆಯೇ. ಅವನು ಶಾಂತವಾಗಿರಲಿ.